ಕುಟ್ಟಿ ಕೊಟ್ಟ ಗುಳಿಗೆ

ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಹಾವೇರಿ ಜಿಲ್ಲೆಯ ಅರವತ್ತರ ಆಸುಪಾಸಿನ ಒಬ್ಬ ತಾಯಿ ಅಂಡಾಶಯದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯನ್ನೂ ರಕ್ತನಾಳಕ್ಕೆ ಕೊಡುವ ಕಿಮೋವನ್ನೂ ಮುಗಿಸಿದ್ದರು. ರೋಗ ಮರುಕಳಿಸಿದ್ದರಿಂದ ಹುಬ್ಬಳ್ಳಿಯ ವೈದ್ಯರು ದಿನಕ್ಕೊಂದರಂತೆ 50 ಮಿಲಿಗ್ರಾಂನ ಸೈಕ್ಲೋಫಾಸ್ಫಮೈಡ್ ಎಂಬ ಕಿಮೋ ಗುಳಿಗೆ ಬರೆದುಕೊಟ್ಟಿದ್ದರು. ಜೊತೆಗೆ ಬಂದಿದ್ದ ಸೊಸೆ ನಾಲ್ಕು ತಿಂಗಳ ಗರ್ಭಿಣಿ.

ಗುಳಿಗೆ ಹೇಗೆ ಕೊಡುತ್ತೀರಿ ಎಂದು ಕೇಳಿದೆ. "ಅತ್ತೆಗೆ ನುಂಗಾಕ ಆಗೂದಿಲ್ರೀ, ನಾನ ಕುಟ್ಟಿ ಜೇನುತುಪ್ಪದಾಗ ಕಲಿಸಿ ಕೊಡ್ತೀನಿ" ಎಂದರು. ಕುಟ್ಟುತ್ತಿದ್ದುದು ಶುಂಠಿ, ಏಲಕ್ಕಿ ಕುಟ್ಟುವ ಕಲ್ಲಿನಲ್ಲೇ. ಸಲಾಯಿನ್ ಬಾಟಲಿ ಇಲ್ಲ, ವಾರ್ಡ್ ಇಲ್ಲ, ಕೂದಲೂ ಮೊದಲಿನಂತೆ ಉದುರಲಿಲ್ಲ. ಹೀಗಿರುವಾಗ ಇದೂ ಕಿಮೋ ಎಂದು ಆ ಮನೆಯವರಿಗೆ ಅನ್ನಿಸದಿದ್ದುದರಲ್ಲಿ ನನಗೆ ಅಚ್ಚರಿಯೇನೂ ಕಾಣಲಿಲ್ಲ.

ಈ ಗುಳಿಗೆಯನ್ನು ಕುಟ್ಟಬಾರದು, ತುಂಡರಿಸಬಾರದು, ಇಡಿಯಾಗಿಯೇ ನುಂಗಬೇಕು. ಪುಡಿ ಉಸಿರಿಗೂ ಚರ್ಮಕ್ಕೂ ತಗಲುತ್ತದೆ, ಗರ್ಭದ ಕೂಸಿಗೆ ಅಪಾಯಕಾರಿ ಎಂದು ವಿವರಿಸಿದಾಗ ಸೊಸೆಯ ಮುಖ ಬಾಡಿತು. "ನನ್ನ ಕೂಸಿಗೆ ಏನಾರ ಆಗೇತೇನ್ರೀ?" ಏನೂ ಆಗಿಲ್ಲ ಎಂದು ಸುಮ್ಮನೆ ಸಮಾಧಾನ ಹೇಳುವ ಹಕ್ಕು ನನಗಿರಲಿಲ್ಲ. ಗೊತ್ತಿಲ್ಲದೆ ಆದದ್ದಕ್ಕೆ ತಪ್ಪು ನಿಮ್ಮದಲ್ಲ ಎಂದೆ. ಕ್ಯಾನ್ಸರ್ ವೈದ್ಯರಿಗೆ ತಿಳಿಸಿ, ಅಂದೇ ಹೆರಿಗೆ ತಜ್ಞರ ಬಳಿ ಕಳುಹಿಸಿದೆ. ಗುಳಿಗೆಯ ಕೆಲಸ ಮಗನಿಗೆ ಬಂತು: ಕೈಗವಸು ಹಾಕಿಕೊಂಡು ಕೊಡಬೇಕು, ಆಮೇಲೆ ಕೈ ತೊಳೆಯಬೇಕು, ಆ ಕಲ್ಲನ್ನು ಅಡುಗೆಗೆ ಮತ್ತೆ ಬಳಸಬಾರದು. ನುಂಗಲು ಕಷ್ಟವೆಂಬುದನ್ನು ವೈದ್ಯರಿಗೇ ಹೇಳಬೇಕಿತ್ತು, ಅದನ್ನೂ ಹೇಳಿಸಿದೆ.

ಇನ್ನೊಂದು ಸಂಗತಿ ಹೊರಬರಲು ಹೊತ್ತು ಹಿಡಿಯಿತು. ಶೌಚಾಲಯ ಹಿತ್ತಲಲ್ಲಿದ್ದು, ಕತ್ತಲಲ್ಲಿ ಎದ್ದು ಹೋಗಬೇಕಾದೀತೆಂದು ಆ ತಾಯಿ ನೀರನ್ನೇ ಕಡಿಮೆ ಮಾಡಿದ್ದರು, ಗುಳಿಗೆಯನ್ನು ಮಲಗುವಾಗ ತೆಗೆದುಕೊಳ್ಳುತ್ತಿದ್ದರು. ಈ ಔಷಧ ದೇಹದಲ್ಲಿ ಒಡೆದಾಗ ಉಂಟಾಗುವ ಅಕ್ರೋಲಿನ್ ಎಂಬ ವಸ್ತು ರಾತ್ರಿಯಿಡೀ ಮೂತ್ರಕೋಶದಲ್ಲಿ ನಿಂತರೆ ಅದರ ಒಳಪದರವನ್ನು ಸುಡುತ್ತದೆ. ಆದ್ದರಿಂದ ವೈದ್ಯರು ಗುಳಿಗೆಯನ್ನು ಬೆಳಗಿನ ಹೊತ್ತಿಗೆ ಬದಲಿಸಿದರು. ಹಗಲೆಲ್ಲ ಧಾರಾಳವಾಗಿ ನೀರು ಕುಡಿದು ಆಗಾಗ ಮೂತ್ರಕ್ಕೆ ಹೋಗಲು ಹೇಳಿದರು. ಉರಿಮೂತ್ರವಾದರೆ, ಮೂತ್ರ ಕೆಂಪಾದರೆ, ಅಥವಾ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಫೋನ್ ಮಾಡಬೇಕೆಂದು ಚೀಟಿಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟೆ. ಒಂದು ದಿನ ಮರೆತರೆ ಮರುದಿನ ಎರಡು ನುಂಗುವಂತಿಲ್ಲ. ಶೌಚಾಲಯಕ್ಕೆ ಎರಡು ಸಲ ನೀರು ಹಾಕುವುದು, ವಾಂತಿ, ಮೂತ್ರ ತಗಲಿದ ಬಟ್ಟೆಯನ್ನು ಕೈಗವಸು ಹಾಕಿ ಬೇರೆಯಾಗಿ ಒಗೆಯುವುದು ಕೂಡ ಸೊಸೆಯ ಪಾಲಿಗಿಲ್ಲ. ಉಳಿದ ಗುಳಿಗೆಗಳನ್ನು ಚರಂಡಿಗೆ ಎಸೆಯದೆ ಆಸ್ಪತ್ರೆಯ ಔಷಧಾಲಯಕ್ಕೆ ಮರಳಿಸಬೇಕು.

ಮುಂದಿನ ರಕ್ತ ಪರೀಕ್ಷೆಗೆ ಆ ತಾಯಿ ಮಗನೊಂದಿಗೆ ಬಂದರು. ಹಿತ್ತಲಿಗೆ ದೀಪ ಹಾಕಿಸಿದ್ದಾರೆ, ಗುಳಿಗೆ ಅವರದೇ ಟ್ರಂಕಿನಲ್ಲಿ ಬೀಗದೊಳಗಿದೆ. ಬಸ್ಸಿನಲ್ಲಿ ಬರುವ ದಿನ ಮಾತ್ರ ಅವರು ಈಗಲೂ ನೀರು ಕುಡಿಯುವುದಿಲ್ಲ. ಆ ದಿನದ ಗುಳಿಗೆಯನ್ನು ಆಸ್ಪತ್ರೆ ತಲುಪಿ, ರಕ್ತದ ವರದಿ ತೋರಿಸಿದ ಮೇಲೆ ತೆಗೆದುಕೊಳ್ಳಲು ವೈದ್ಯರಿಂದ ಒಪ್ಪಿಗೆ ಪಡೆದಿದ್ದೇವೆ.