ಲಂಡನ್ ಅಲ್ಲದ ಊರಿಗೆ ಬರುತ್ತಿರುವ ತಂಗಿಗೆ

ನಿನ್ನ ಪ್ರಶ್ನೆ ಓದಿದೆ. ಹಾಸನದಿಂದ ದಕ್ಷಿಣ ವೇಲ್ಸ್‌ನ ಒಂದು ಕಣಿವೆ ಊರಿನ ಆಸ್ಪತ್ರೆಗೆ ನರ್ಸ್ ಆಗಿ ಬರುತ್ತಿದ್ದೀಯ. ಜೊತೆಗೆ ಗಂಡ, ಆರು ವರ್ಷದ ಮಗಳು. ಮ್ಯಾಪಿನಲ್ಲಿ ನೋಡಿದರೆ ಉದ್ದಕ್ಕೆ ಒಂದೇ ರಸ್ತೆ, ಎರಡೂ ಕಡೆ ಗುಡ್ಡ, ಕನ್ನಡದವರು ಯಾರೂ ಸಿಕ್ಕಲಿಲ್ಲ ಅಂದಿದ್ದೀಯ. "ಒಂದು ವರ್ಷ ಹೇಗೋ ಕಳೆದು ಲಂಡನ್ ಕಡೆ ಹೋಗಿಬಿಡೋದು ಒಳ್ಳೇದಾ ಅಕ್ಕ? ಮಗಳು ಅಂಥ ಊರಲ್ಲಿ ಹೇಗೆ ಬೆಳೀತಾಳೆ?" ಅಂತ ಕೇಳಿದ್ದೀಯ. ಅಕ್ಕ ಅಂದಿದ್ದಕ್ಕೆ ಏಕವಚನದಲ್ಲೇ ಬರೆಯುತ್ತಿದ್ದೇನೆ, ಬೇಜಾರಿಲ್ಲ ತಾನೇ?

ನಾನು ಬೆಳೆದದ್ದು ಅಂಥದ್ದೇ ಒಂದು ಕಣಿವೆಯಲ್ಲಿ. ಅದಕ್ಕೇ ಉದ್ದವಾಗಿ ಉತ್ತರ ಕೊಡುತ್ತೇನೆ. ಆತುರ ಪಡಬೇಡ, ಲಂಡನ್ ಎಲ್ಲೂ ಓಡಿಹೋಗಲ್ಲ. ಸಣ್ಣ ಊರಿಗೆ ಮೊದಲು ಒಂದೆರಡು ವರ್ಷ ಮನಸ್ಸು ಕೊಟ್ಟು ನೋಡು.

ಅಪ್ಪ ದಾವಣಗೆರೆಯವರು, ಡಾಕ್ಟರ್. ನಾವು ರೊಂದಾ ಕಣಿವೆಗೆ ಬಂದದ್ದು 1974ರಲ್ಲಿ, ನನಗೆ ಆಗ ಏಳು ವರ್ಷ. ಕಲ್ಲಿದ್ದಲು ಗಣಿಗಳ ಊರು. ಇಲ್ಲಿನ ಡಾಕ್ಟರುಗಳು ಬರಲು ಅಷ್ಟು ಇಷ್ಟಪಡದ ಜಾಗ. ಹಾಗಾಗಿ ಆ ಕಣಿವೆಗಳ ಎಷ್ಟೋ ಊರುಗಳಲ್ಲಿ ಭಾರತ, ಪಾಕಿಸ್ತಾನದಿಂದ ಬಂದವರೇ ಊರ ಡಾಕ್ಟರ್ ಆಗಿದ್ದರು. ಅಪ್ಪನಿಗೆ ಬಂದ ಮಾರನೇ ದಿನದಿಂದ ಊರಿಗೆ ಊರೇ ಪರಿಚಯ. ಅಮ್ಮನಿಗೆ ಯಾರೂ ಇರಲಿಲ್ಲ. ಕಿಟಕಿಯ ತೆಳು ಪರದೆ ಸರಿಸಿ ಬೀದಿ ನೋಡುವುದು, ಅಜ್ಜ ಬರೆದ ನೀಲಿ ಇನ್‌ಲ್ಯಾಂಡ್‌ನಂಥ ವಿಮಾನ ಪತ್ರವನ್ನು ಮತ್ತೆ ಮತ್ತೆ ಓದುವುದು, ಇಷ್ಟೇ. ಮೊದಲ ಚಳಿಗಾಲವೆಲ್ಲ ಹಾಗೇ ಕಳೆಯಿತು. ನಿನ್ನ ಮನೆಯಲ್ಲಿ ಈ ಜಾಗಕ್ಕೆ ಬರೋದು ನಿನ್ನ ಗಂಡ. ನೀನು ವಾರ್ಡ್‌ಗೆ ಹೋದರೆ ಹತ್ತು ಜನ ಮಾತಾಡಿಸುತ್ತಾರೆ. ಅವರಿಗೆ ಕೆಲಸ ಸಿಗುವ ತನಕ ಯಾರು ಮಾತಾಡಿಸಬೇಕು? ಇದನ್ನು ಇಬ್ಬರೂ ಕೂತು ಈಗಲೇ ಯೋಚನೆ ಮಾಡಿ.

ಅಮ್ಮನಿಗೆ ಊರು ತೆರೆದುಕೊಂಡದ್ದು ಒಂದು ರಾಶಿ ಕಲ್ಲಿದ್ದಲಿನಿಂದ. ಗಣಿ ಕೆಲಸಗಾರರಿಗೆ, ಅವರ ವಿಧವೆಯರಿಗೆ ಮನೆ ಬೆಂಕಿಗೂಡಿಗೆ ಅಂತ ಗಣಿಯಿಂದ ಕಲ್ಲಿದ್ದಲು ಬರುತ್ತಿತ್ತು. ಲಾರಿಯವನು ಬಾಗಿಲ ಮುಂದೆ ಬೀದಿಯಲ್ಲೇ ಸುರಿದು ಹೋಗುತ್ತಿದ್ದ. ಎಲ್ಲ ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳು, ಹೊಸ್ತಿಲು ದಾಟಿದರೆ ಬೀದಿ. ಅಷ್ಟನ್ನೂ ಬಕೆಟ್‌ಗೆ ತುಂಬಿ ಹಿತ್ತಲಿಗೆ ಹೊರಬೇಕು, ಆಮೇಲೆ ಕಲ್ಲುಹಾಸು ತೊಳೆಯಬೇಕು. ಪಕ್ಕದ ಮನೆಯ ಅಜ್ಜಿ ಒಂದು ಮಧ್ಯಾಹ್ನ ಜಿಟಿ ಜಿಟಿ ಮಳೆಯಲ್ಲಿ ಒಬ್ಬರೇ ತುಂಬುತ್ತಿದ್ದರು. ಅಮ್ಮ ಪರದೆ ಹಿಂದಿನಿಂದ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಬಟ್ಟೆ ನೆನೆಸುವ ಬಕೆಟ್ ಹಿಡಿದು ಹೊರಗೆ ಹೋದರು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಅಜ್ಜಿಯ ಇಂಗ್ಲಿಷ್‌ನಲ್ಲಿ ಅರ್ಧ ವೇಲ್ಸ್‌ನ ಭಾಷೆ ವೆಲ್ಷ್. ಇಬ್ಬರೂ ಮಾತಿಲ್ಲದೆ ಕತ್ತಲಾಗುವವರೆಗೆ ಹೊತ್ತರು. ಅಮ್ಮನ ಕೈಯ ಗೆರೆಗಳೆಲ್ಲ ಕಪ್ಪಾಗಿದ್ದವು, ಎರಡು ದಿನ ಹೋಗಲಿಲ್ಲ.

ಮಾರನೇ ದಿನ ಆ ಅಜ್ಜಿ ಒಂದು ತಟ್ಟೆ ವೆಲ್ಷ್ ಕೇಕ್ ತಂದುಕೊಟ್ಟರು. ಒಣದ್ರಾಕ್ಷಿ ಹಾಕಿದ, ಅಂಗೈಯಗಲದ ಬಿಲ್ಲೆಗಳು. ಓವನ್ನಿನಲ್ಲಿ ಮಾಡೋದಲ್ಲ, ಒಲೆ ಮೇಲೆ ದಪ್ಪ ಕಬ್ಬಿಣದ ಹಂಚಿಟ್ಟು ಬೇಯಿಸುತ್ತಾರೆ. ಆ ಹಂಚನ್ನು ಅವರ ಅಡುಗೆಮನೆಯಲ್ಲಿ ನೋಡಿ ಅಮ್ಮನ ಮುಖ ಅರಳಿದ್ದು ನನಗೆ ಇವತ್ತಿಗೂ ನೆನಪಿದೆ. ಅಜ್ಜಿ ತಮ್ಮಲ್ಲಿದ್ದ ಇನ್ನೊಂದು ಹಳೇ ಹಂಚು ಅಮ್ಮನಿಗೆ ಕೊಟ್ಟೇಬಿಟ್ಟರು. ಅದರ ಮೇಲೆ ಅಮ್ಮ ಜೀವನಪೂರ್ತಿ ದೋಸೆ, ರೊಟ್ಟಿ ಮಾಡಿದರು. ಈಗ ಅದು ನನ್ನ ಮನೆಯಲ್ಲಿದೆ.

ಅಪ್ಪನ ಜೊತೆ ಶನಿವಾರ ರೋಗಿಗಳ ಮನೆಗೆ ಹೋಗುತ್ತಿದ್ದೆ. ನನಗೆ ಜಾಸ್ತಿ ನೆನಪಿರೋದು ಕೆಮ್ಮು. ಐವತ್ತು ದಾಟದ ಗಂಡಸರು ಮೆಟ್ಟಿಲು ಹತ್ತಲಾರದೆ ಹಾಸಿಗೆಯನ್ನು ಕೆಳಗಿನ ಕೋಣೆಗೇ ತಂದು ಹಾಕಿಕೊಂಡಿರುತ್ತಿದ್ದರು, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರ್. ಗಣಿಯ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ. ಗಣಿ ಮುಚ್ಚಿ ಎಷ್ಟೋ ವರ್ಷವಾದ ಮೇಲೂ ಅದು ಜನರನ್ನು ಬಿಡಲಿಲ್ಲ. ಇನ್ನೊಂದು ವಿಷಯ ನೀನು ತಿಳಿದಿರಬೇಕು. ಹತ್ತಿರದ ಇನ್ನೊಂದು ಕಣಿವೆಯಲ್ಲಿ ಅಬರ್‌ವ್ಯಾನ್ ಅಂತ ಊರಿದೆ. 1966ರ ಅಕ್ಟೋಬರ್ 21ರ ಬೆಳಿಗ್ಗೆ ಗುಡ್ಡದ ಮೇಲೆ ಸುರಿದಿದ್ದ ಗಣಿ ತ್ಯಾಜ್ಯದ ರಾಶಿ ಜಾರಿ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಸತ್ತರು. ನಾವು ಬಂದಾಗ ಅದಾಗಿ ಎಂಟು ವರ್ಷ. ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ, ಆದರೆ ಜೋರು ಮಳೆ ಬಂದರೆ ದೊಡ್ಡವರು ಗುಡ್ಡದ ಕಡೆ ನೋಡುತ್ತಿದ್ದರು. ಅರವತ್ತೈದು ದಾಟಿ ನಿನ್ನ ವಾರ್ಡ್‌ಗೆ ಬರುವವರಲ್ಲಿ ಒಬ್ಬರು ಆ ಶಾಲೆಯ ಮಗುವಾಗಿದ್ದಿರಬಹುದು. ನೀನಾಗಿ ಕೇಳಬೇಡ. ಅವರಾಗಿ ಹೇಳಿದರೆ ಕೆಲಸ ಬಿಟ್ಟು ಕೂತು ಕೇಳು.

ನೀನು ಸೇರಲಿರುವ ಎನ್‌ಎಚ್‌ಎಸ್‌ನ, ಅಂದರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ಬೇರು ಕೂಡ ಈ ಕಣಿವೆಗಳಲ್ಲೇ ಇದೆ. ಟ್ರೆಡೀಗರ್ ಅನ್ನೋ ಊರಲ್ಲಿ ಕೆಲಸಗಾರರು ಸಂಬಳದಿಂದ ಒಂದಿಷ್ಟು ಹಣ ಒಟ್ಟು ಹಾಕಿ ಡಾಕ್ಟರು, ಔಷಧಿ ಎಲ್ಲ ತಾವೇ ನೋಡಿಕೊಳ್ಳುತ್ತಿದ್ದರು. ಅದೇ ಊರಿನ ಗಣಿ ಕಾರ್ಮಿಕ ಅನಾಯ್ರಿನ್ ಬೆವನ್ ಆರೋಗ್ಯ ಮಂತ್ರಿಯಾಗಿ 1948ರ ಜುಲೈ 5ರಂದು ಇಡೀ ದೇಶಕ್ಕೆ ಅಂಥ ವ್ಯವಸ್ಥೆ ತಂದ. ಅಪ್ಪ ಇದನ್ನು ಬಂದ ನೆಂಟರಿಗೆಲ್ಲ ಹೇಳೋರು. ಅವರಿಗೆ ಅಲ್ಲಿ ಕೆಲಸ ಮಾಡೋದು ಹೆಮ್ಮೆಯ ವಿಷಯವಾಗಿತ್ತು.

ಗಣಿ ಕಾರ್ಮಿಕರ ಮುಷ್ಕರದ ವರ್ಷ ನಾನು ಶಾಲೆಯ ಕೊನೆಯ ತರಗತಿಗಳಲ್ಲಿದ್ದೆ. 1984ರ ಮಾರ್ಚ್‌ನಿಂದ 1985ರ ಮಾರ್ಚ್‌ವರೆಗೆ ಗಣಿಗಳು ನಿಂತವು. ಸಂಬಳವಿಲ್ಲ. ಹೆಂಗಸರು ಸಭಾಭವನದಲ್ಲಿ ಆಲೂಗಡ್ಡೆ, ಬ್ರೆಡ್ಡು, ಡಬ್ಬಿ ಬೀನ್ಸ್ ಹಂಚುವ ಚೀಲ ಕಟ್ಟುತ್ತಿದ್ದರು. ಅಮ್ಮನೂ ಅಲ್ಲಿ ನಿಂತು ಚೀಲ ತುಂಬಿದರು. ಹತ್ತು ವರ್ಷದ ಹಿಂದೆ ಪರದೆ ಹಿಂದೆ ನಿಂತಿದ್ದವರು! ಮಾರ್ಡಿ ಗಣಿಯವರು ಸೋತು ಕೆಲಸಕ್ಕೆ ಮರಳಿದ ದಿನ ಬೆಳಗಿನ ಕತ್ತಲಲ್ಲಿ ಬ್ಯಾಂಡು, ಬಾವುಟದ ಸಮೇತ ಮೆರವಣಿಗೆ ಹೊರಟರು. ನಾವೂ ಬೀದಿ ಬದಿಯಲ್ಲಿ ನಿಂತಿದ್ದೆವು. ಹೆಂಗಸರು ಚಪ್ಪಾಳೆ ತಟ್ಟುತ್ತಾ ಅಳುತ್ತಿದ್ದರು. 1990ರ ಕೊನೆಗೆ ಆ ಗಣಿಯೂ ಮುಚ್ಚಿತು, ರೊಂದಾದಲ್ಲಿ ಉಳಿದಿದ್ದ ಕೊನೆಯ ಆಳದ ಗಣಿ ಅದು. ಆಮೇಲೆ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇವತ್ತಿಗೂ ಅಲ್ಲಿ ಬಡತನ ಇದೆ, ಕೆಲಸ ಕಡಿಮೆ. ಫೋಟೋದಲ್ಲಿ ಹಸಿರು ಗುಡ್ಡ ನೋಡಿ ಬೇರೆ ಏನೋ ಅಂದುಕೊಂಡು ಬರಬೇಡ ಅಂತ ಹೇಳಿದೆ.

ನೋವಾದ ಸಂಗತಿಯೂ ಹೇಳಬೇಕು. ಶಾಲೆಯಲ್ಲಿ ಕೆಲವು ಹುಡುಗರು ನನ್ನ ಮೈಬಣ್ಣ ಹಿಡಿದು ಕೂಗುತ್ತಿದ್ದರು. ಸುಮ್ನೆ ಇರು, ಅವರೇ ನಿಲ್ಲಿಸುತ್ತಾರೆ ಅಂತ ಒಬ್ಬ ಟೀಚರ್ ಹೇಳಿದರು. ನಿಲ್ಲಿಸಲಿಲ್ಲ. ನಿನ್ನ ಮಗಳಿಗೆ ಹೀಗಾದರೆ ಸುಮ್ಮನಿರಬೇಡ. ಈಗ ಶಾಲೆಗಳು ಇದನ್ನು ಬರೆದಿಟ್ಟುಕೊಂಡು ಕ್ರಮ ತೆಗೆದುಕೊಳ್ಳಬೇಕು. ಬಾಯಿಮಾತಲ್ಲಿ ಬಿಡದೆ ಇಮೇಲ್ ಮಾಡು. ಇನ್ನೊಬ್ಬ ಟೀಚರ್ ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ ಅಂತ ಅಪ್ಪನಿಗೆ ಬುದ್ಧಿ ಹೇಳಿದರು. ಅಪ್ಪ ಒಪ್ಪಿದರು, ಅಮ್ಮ ಖಂಡಿತ ಒಪ್ಪಲಿಲ್ಲ. ಅಜ್ಜ ಹಡಗಿನ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದ ಸುಧಾ ವಾರಪತ್ರಿಕೆ ಹಿಡಿದು ನನಗೆ ಅಕ್ಷರ ಕಲಿಸಿದರು. ಇವತ್ತು ನಿನಗೆ ಹೀಗೆ ಬರೆಯಲು ಆಗುತ್ತಿರೋದು ಅದರಿಂದಲೇ.

ಭಾಷೆ ವಿಷಯದಲ್ಲಿ ವೇಲ್ಸ್ ನಿನಗೆ ಒಳ್ಳೆಯ ಜಾಗ. ಅಲ್ಲಿ ಶಾಲೆಗಳಲ್ಲಿ ಹದಿನಾರು ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಷ್ ಕಲಿಯುತ್ತಾರೆ. ಬೋರ್ಡುಗಳೆಲ್ಲ ಎರಡು ಭಾಷೆಯಲ್ಲಿ. ದೊಡ್ಡ ಭಾಷೆಯ ಪಕ್ಕದಲ್ಲಿ ತಮ್ಮ ಭಾಷೆ ಉಳಿಸಿಕೊಳ್ಳುವ ಕಷ್ಟ ಅವರಿಗೆ ಗೊತ್ತು, ಹಾಗಾಗಿ ಮನೆಯಲ್ಲಿ ಕನ್ನಡ ಅಂದರೆ ಯಾರೂ ಹುಬ್ಬೇರಿಸಲ್ಲ. ಮಾರ್ಚ್ 1, ಸಂತ ಡೇವಿಡ್ ದಿನ, ಮಗಳು ಕಪ್ಪು ಟೋಪಿ, ಕೆಂಪು ಶಾಲು ಬೇಕು ಅಂತ ಹಟ ಹಿಡಿಯುತ್ತಾಳೆ. ಕೊಡಿಸು. ಅವಳು ಆ ಊರಿನ ಹುಡುಗಿ ಆಗಲಿ. ಅದರಿಂದ ಹಾಸನದವಳಾಗೋದು ಕಡಿಮೆಯಾಗಲ್ಲ.

ಕಾರ್ಡಿಫ್‌ನಲ್ಲಿ ಫಾರ್ಮಸಿ ಓದಿ, ಮದುವೆಯಾಗಿ, ಕೆಲಸಕ್ಕೆ ಅಂತ ನಾನು ಬಂದದ್ದು ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಸ್ಕಿಪ್ಟನ್‌ಗೆ. ಇಲ್ಲೇ ಇದ್ದೇನೆ. ಇದು ಸಂತೆ ಊರು. ವಾರಕ್ಕೆ ನಾಲ್ಕು ದಿನ ದೊಡ್ಡ ಬೀದಿಯಲ್ಲಿ ಸಂತೆ, ಊರಂಚಿಗೆ ದನ ಕುರಿಗಳ ಹರಾಜು. ರೈತರು ಹರಾಜಿಗೆ ಬಂದ ದಿನವೇ ನಮ್ಮ ಕೌಂಟರ್‌ಗೂ ಬರುತ್ತಾರೆ, ಬೂಟಿಗೆ ಸಗಣಿ ಮೆತ್ತಿಕೊಂಡು. ಮೊದಮೊದಲು ಮಾತೇ ಇಲ್ಲ. ಚೀಟಿ ಇಡೋದು, ತಲೆ ಆಡಿಸೋದು, ಹೋಗೋದು. 2001ರಲ್ಲಿ ಕಾಲುಬಾಯಿ ರೋಗ ಬಂತು. ದೇಶದಲ್ಲಿ ಅರವತ್ತು ಲಕ್ಷಕ್ಕೂ ಜಾಸ್ತಿ ಪ್ರಾಣಿಗಳನ್ನು ಕೊಂದರು. ಕಾಲುದಾರಿಗಳೆಲ್ಲ ಬಂದ್, ತೋಟದ ಮನೆಗಳ ದಾರಿಗೆ ಔಷಧಿಯಲ್ಲಿ ನೆನೆಸಿದ ಹುಲ್ಲಿನ ಹಾಸು. ಗೇಟಿನ ಹತ್ತಿರ ಒಂದು ಡಬ್ಬ ಇಟ್ಟಿರೋರು, ನಮ್ಮ ಡ್ರೈವರ್ ಮಾತ್ರೆಗಳನ್ನು ಅದರೊಳಗೆ ಹಾಕಿ ಬರುತ್ತಿದ್ದ. ಫೋನಿನಲ್ಲಿ ಮಾತ್ರೆ ಕೇಳುತ್ತಾ ಗಟ್ಟಿ ಗಂಡಸರು ನಡುವೆ ಮಾತು ನಿಲ್ಲಿಸಿಬಿಡೋರು. ಒಬ್ಬರು ತಮ್ಮ ಅಜ್ಜನ ಕಾಲದಿಂದ ಅದೇ ಗುಡ್ಡ ಮೇಯ್ದ ಕುರಿ ವಂಶದ ಬಗ್ಗೆ ಅರ್ಧ ಗಂಟೆ ಹೇಳಿದರು. ನಾನು ಕೆಲಸದ ಮಧ್ಯೆ ಕೇಳಿಸಿಕೊಂಡೆ. ಆ ವರ್ಷದ ನಂತರ ಸಂತೆಯಲ್ಲಿ ನನಗೆ ಹೆಸರು ಹಿಡಿದು ಕರೆಯುವವರು ಸಿಕ್ಕರು.

ಇಲ್ಲಿನವರು ಬಾಗಿಲು ತಟ್ಟಿ "ಊಟ ಆಯ್ತಾ" ಅಂತ ಕೇಳಲ್ಲ. ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ನಿನ್ನನ್ನು ಮತ್ತೆ ಮತ್ತೆ ನೋಡಬೇಕು, ಆಗ ನಂಬುತ್ತಾರೆ. ಅದಕ್ಕೆ ನಿನ್ನ ಗಂಡನಿಗೆ ಹೇಳು: ಮಗಳನ್ನು ಶಾಲೆಗೆ ಬಿಡುವ ಕೆಲಸ ಅವರೇ ವಹಿಸಿಕೊಳ್ಳಲಿ. ಗೇಟಿನ ಹತ್ತಿರ ನಿಲ್ಲುವ ಐದು ನಿಮಿಷದಲ್ಲಿ ಆಗುವ ಪರಿಚಯ ಬೇರೆಲ್ಲೂ ಆಗಲ್ಲ. ಆಮೇಲೆ ಊರಿನ ಲೈಬ್ರರಿ. ದುಡ್ಡು ಕೇಳಲ್ಲ, ಒಳಗೆ ಬೆಚ್ಚಗಿರುತ್ತೆ, ಊರಲ್ಲಿ ಏನೇನು ನಡೆಯುತ್ತೆ ಅಂತ ಅಲ್ಲಿನ ಬೋರ್ಡ್ ನೋಡಿದರೆ ಸಾಕು. ಗಂಡಸರ ಗಾಯನ ತಂಡಗಳು ಕಣಿವೆಗಳಲ್ಲಿ ಇನ್ನೂ ಇವೆ. ನಿನ್ನ ಗಂಡನಿಗೆ ಹಾಡು ಬರುತ್ತೆ ಅಂದಿದ್ದೀಯಲ್ಲ, ಹೋಗಿ ನಿಂತುಕೊಳ್ಳಲಿ.

ಫಾರ್ಮಸಿಸ್ಟ್ ಆಗಿ ಎರಡು ಮಾತು. ಬಂದ ವಾರವೇ ಮೂವರೂ ಊರಿನ ಡಾಕ್ಟರ್ ಹತ್ತಿರ ಹೆಸರು ನೋಂದಾಯಿಸಿ, ಕಾಯಿಲೆ ಬರುವ ತನಕ ಕಾಯಬೇಡಿ. ವೇಲ್ಸ್‌ನಲ್ಲಿ 2007ರಿಂದ ಚೀಟಿಯ ಔಷಧಿಗೆ ದುಡ್ಡಿಲ್ಲ, ಇಂಗ್ಲೆಂಡಿನಲ್ಲಿ ನಾವು ಕೊಡುತ್ತೇವೆ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಕತ್ತಲು, ಕಣಿವೆಯಲ್ಲಿ ಸೂರ್ಯ ಅದಕ್ಕೂ ಮುಂಚೆ ಗುಡ್ಡದ ಹಿಂದೆ ಹೋಗುತ್ತಾನೆ. ನಮ್ಮ ಚರ್ಮಕ್ಕೆ ಆ ಬಿಸಿಲು ಸಾಲದು. ದಿನಕ್ಕೆ ಹತ್ತು ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಿ, ನಮ್ಮಂಥವರಿಗೆ ವರ್ಷವಿಡೀ ಅಂತಲೇ ಇಲ್ಲಿನ ಸಲಹೆ. ಮೊದಲ ನವೆಂಬರ್‌ನಲ್ಲಿ ಮನಸ್ಸು ಕುಗ್ಗುತ್ತೆ. ಆ ತಿಂಗಳು ಯಾವ ದೊಡ್ಡ ತೀರ್ಮಾನವನ್ನೂ ಮಾಡಬೇಡ, ಲಂಡನ್ ವಿಷಯವಂತೂ ಬೇಡವೇ ಬೇಡ.

ಕನ್ನಡದವರು ಬೇಕು ಅನ್ನಿಸಿದಾಗ ಕನ್ನಡ ಬಳಗ ಇದೆ, 1983ರಿಂದ ನಡೆದುಕೊಂಡು ಬಂದಿದೆ. ಯುಗಾದಿ, ದೀಪಾವಳಿ ಕಾರ್ಯಕ್ರಮಕ್ಕೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಮ್ಮ ಹಾಗೆ ಚಿಕ್ಕ ಊರಲ್ಲಿ ಒಂಟಿ ಮನೆಯವರೇ ಎಷ್ಟೋ ಜನ. ಅಲ್ಲಿ ಭೇಟಿಯಾಗೋಣ.

ಕುಕ್ಕರ್ ತರಬೇಕಾ ಅಂತ ಕೊನೆಗೆ ಕೇಳಿದ್ದೀಯಲ್ಲ. ತಾ, ಜೊತೆಗೆ ಎರಡು ಗ್ಯಾಸ್ಕೆಟ್ಟೂ ಇರಲಿ. ಸೋನಾ ಮಸೂರಿ, ಬೇಳೆ, ರಾಗಿ ಹಿಟ್ಟು ಕಾರ್ಡಿಫ್‌ನಲ್ಲಿ ಸಿಗುತ್ತೆ, ಅದನ್ನೆಲ್ಲ ಹೊರಬೇಡ. ಸಾರಿನ ಪುಡಿ ಮಾತ್ರ ನಿಮ್ಮಮ್ಮನ ಕೈಯದ್ದೇ ತಾ. ಮಗಳ ಲಸಿಕೆ ಕಾರ್ಡ್ ಕೈಚೀಲದಲ್ಲಿಟ್ಟುಕೋ, ಡಾಕ್ಟರ್ ಹತ್ತಿರ ಹೆಸರು ಬರೆಸುವಾಗ ಬೇಕಾಗುತ್ತೆ.