ಓದುಗರ ಪ್ರಶ್ನೆ: ಸನ್ನೆಯ ಅರ್ಥ ಬೆರಳಲ್ಲಷ್ಟೇ ಇದೆಯೇ?

ಪ್ರಶ್ನೆ: ಟಿವಿ ವಾರ್ತೆಯ ವೇಳೆ ಪರದೆಯ ಮೂಲೆಯಲ್ಲಿ ಸಂಜ್ಞಾ ಭಾಷೆಗೆ ಅನುವಾದಿಸುವವರ ಕೈಗಳನ್ನು ಎಷ್ಟು ಗಮನವಿಟ್ಟು ನೋಡಿದರೂ ಒಂದೆರಡು ಸನ್ನೆಗಳ ಹೊರತು ಮಿಕ್ಕವು ಊಹೆಗೆ ನಿಲುಕುವುದಿಲ್ಲ. ವಸ್ತುವಿನ ಆಕಾರವನ್ನೇ ಕೈಯಲ್ಲಿ ತೋರಿಸುವುದಾದರೆ ಎಲ್ಲರಿಗೂ ತಿಳಿಯಬೇಕಲ್ಲವೇ?

ಉತ್ತರ: ಆಕಾರವನ್ನು ಹೋಲುವ ಸನ್ನೆಗಳೂ ಇವೆ. ಆದರೆ ಆ ಹೋಲಿಕೆ ಬಹುಮಟ್ಟಿಗೆ ಅರ್ಥ ತಿಳಿದ ಮೇಲೆ ಕಾಣುವಂಥದ್ದು. ‘ಮರ’ ಎನ್ನಲು ಅಮೆರಿಕದ ಸಂಜ್ಞಾ ಭಾಷೆಯಲ್ಲಿ ಮುಂಗೈಯನ್ನು ನೆಟ್ಟಗೆ ನಿಲ್ಲಿಸಿ, ಬೆರಳು ಬಿಡಿಸಿದ ಹಸ್ತವನ್ನು ಅತ್ತಿತ್ತ ತಿರುಗಿಸುತ್ತಾರೆ. ಚೀನಾದ ಸಂಜ್ಞಾ ಭಾಷೆಯಲ್ಲಾದರೋ ಎರಡೂ ಕೈಗಳಿಂದ ಕಾಂಡವನ್ನು ಬಳಸಿ ಹಿಡಿದಂತೆ ಮಾಡಿ ಮೇಲಕ್ಕೆ ಸರಿಸುತ್ತಾರೆ. ಎರಡೂ ಮರವೇ ಹೌದು, ಆದರೆ ಯಾರೂ ಹೇಳದಿದ್ದರೆ ಮೊದಲನೆಯದನ್ನು ನಾನಂತೂ ಯಾರನ್ನೋ ಬೀಳ್ಕೊಡುವ ಸನ್ನೆಯೆಂದೇ ತಿಳಿಯುತ್ತಿದ್ದೆ.

ಸನ್ನೆಯನ್ನು ಚಿತ್ರವೆಂದು ನೋಡುವುದಕ್ಕಿಂತ, ಬಿಡಿ ಅಂಶಗಳು ಕೂಡಿ ಆದ ಪದವೆಂದು ನೋಡುವುದೇ ಸರಿಯಾದ ದಾರಿ. ಅಮೆರಿಕದ ಭಾಷಾತಜ್ಞ ವಿಲಿಯಂ ಸ್ಟೋಕಿ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಯ ಆಕಾರ, ಅದು ಇರುವ ಜಾಗ ಮತ್ತು ಅದರ ಚಲನೆ ಎಂಬ ಮೂರು ಅಂಶಗಳನ್ನು ಗುರುತಿಸಿದರು. ಅಂಗೈ ಯಾವ ಕಡೆಗೆ ಮುಖ ಮಾಡಿದೆ ಎಂಬುದನ್ನು ನಂತರದವರು ಸೇರಿಸಿದರು. ಅಮೆರಿಕದ ಸಂಜ್ಞಾ ಭಾಷೆಯಲ್ಲಿ ಐದೂ ಬೆರಳು ಬಿಡಿಸಿದ ಹಸ್ತದ ಹೆಬ್ಬೆರಳು ಗದ್ದಕ್ಕೆ ತಾಗಿದರೆ ‘ಅಮ್ಮ’, ಅದೇ ಹಸ್ತ ಹಾಗೆಯೇ ಹಣೆಗೆ ತಾಗಿದರೆ ‘ಅಪ್ಪ’. ‘ಕಾಲು’, ‘ಹಾಲು’ಗಳನ್ನು ನಾವು ಮೊದಲ ಧ್ವನಿಯೊಂದರಿಂದಲೇ ಬೇರೆ ಮಾಡಿಕೊಳ್ಳುವಂತೆ ಇಲ್ಲಿ ಜಾಗವೊಂದೇ ಅರ್ಥವನ್ನು ಬದಲಿಸಿದೆ. ನೀವು ಬೆರಳುಗಳನ್ನು ಮಾತ್ರ ನೋಡುತ್ತಿದ್ದರೆ ಈ ವ್ಯತ್ಯಾಸ ಕಣ್ತಪ್ಪಿ ಹೋಗುತ್ತದೆ.

ಜಗತ್ತಿಗೆಲ್ಲ ಒಂದೇ ಸಂಜ್ಞಾ ಭಾಷೆ ಇಲ್ಲ. ಬ್ರಿಟನ್ ಮತ್ತು ಅಮೆರಿಕಗಳ ಆಡುಮಾತು ಇಂಗ್ಲಿಷೇ ಆದರೂ ಅಲ್ಲಿನ ಸಂಜ್ಞಾ ಭಾಷೆಗಳು ಬೇರೆ ಬೇರೆ. ಅಕ್ಷರಗಳನ್ನು ಬೆರಳಲ್ಲಿ ತೋರಿಸಲು ಬ್ರಿಟನ್ನಿನವರಿಗೆ ಎರಡು ಕೈ ಬೇಕು, ಅಮೆರಿಕದವರಿಗೆ ಒಂದು ಸಾಕು.

ಇನ್ನು ಮುಖದ ಮಾತು. ಅದನ್ನು ಬರಿಯ ಭಾವಪ್ರದರ್ಶನವೆಂದು ತಿಳಿಯುವವರೇ ಹೆಚ್ಚು, ಆದರೆ ಅದು ವ್ಯಾಕರಣದ ಭಾಗ. ಅಮೆರಿಕದ ಸಂಜ್ಞಾ ಭಾಷೆಯಲ್ಲಿ ‘ಹೌದು’ ಅಥವಾ ‘ಇಲ್ಲ’ ಎಂಬ ಉತ್ತರ ಬಯಸುವ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ, ‘ಯಾರು’, ‘ಎಲ್ಲಿ’ ಎಂಬಂಥ ಪ್ರಶ್ನೆಗೆ ಹುಬ್ಬು ಗಂಟಿಕ್ಕುತ್ತದೆ. ಹೀಗಾಗಿ ಈ ಭಾಷೆಗಳಲ್ಲಿ ಪಳಗಿದವರು ಎದುರಿನವರ ಮುಖದ ಮೇಲೆ ದೃಷ್ಟಿಯಿಟ್ಟು, ಕೈಗಳ ಚಲನೆಯನ್ನು ಓರೆನೋಟದಲ್ಲೇ ಗ್ರಹಿಸುತ್ತಾರೆ. ಮುಂದಿನ ವಾರ್ತೆಯಲ್ಲಿ ನೀವೂ ಹಾಗೆ ನೋಡಿ: ಪದಗಳು ತಿಳಿಯದಿದ್ದರೂ ವಾಕ್ಯ ಎಲ್ಲಿ ಮುಗಿಯಿತೆಂಬುದು ಎಷ್ಟೋ ಕಡೆ ಗೊತ್ತಾದೀತು.