ಅಮ್ಮನ ತಲೆಗೆ ಕರೆಂಟ್ ಕೊಡಿಸಬಹುದೇ, ಡಾಕ್ಟರೇ?

ಪ್ರಶ್ನೆ: ನನ್ನ ಅಮ್ಮನಿಗೆ 72 ವರ್ಷ. ಅಪ್ಪ ತೀರಿಕೊಂಡ ಮೇಲೆ ಮಂಕಾಗಿದ್ದರು. ಈಗೀಗ ಊಟವನ್ನೇ ಬಿಟ್ಟಿದ್ದಾರೆ. ‘ನನ್ನ ಕರುಳೆಲ್ಲ ಕೊಳೆತಿದೆ, ತಿಂದದ್ದು ಎಲ್ಲಿಗೆ ಹೋಗಬೇಕು’ ಅನ್ನುತ್ತಾರೆ. ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ. ಮಾತ್ರೆ ಬದಲಾಯಿಸಿ ನೋಡಿದ ಡಾಕ್ಟರು ಇದು ಖಿನ್ನತೆ, ಇನ್ನು ಇಸಿಟಿಯೇ (ತಲೆಗೆ ಕರೆಂಟ್ ಕೊಡುವ ಚಿಕಿತ್ಸೆ) ಸರಿ ಎನ್ನುತ್ತಿದ್ದಾರೆ. ‘ಈ ವಯಸ್ಸಲ್ಲಿ ತಲೆಗೆ ಕರೆಂಟಾ? ಇರೋ ನೆನಪೂ ಹೋಗುತ್ತೆ’ ಎಂದು ಸೋದರಮಾವ ಬೈಯುತ್ತಾರೆ. ಅಮ್ಮನಿಗೆ ಬಿ.ಪಿ. ಬೇರೆ ಇದೆ. ಏನು ಮಾಡಲಿ?
– ಓದುಗರು, ತಿಪಟೂರು

ಉತ್ತರ: ನಿಮ್ಮ ಮಾವನವರು ಸಿನಿಮಾದ ಇಸಿಟಿ ನೋಡಿರಬೇಕು. ಕೈಕಾಲು ಕಟ್ಟುವುದು, ರೋಗಿ ಕಿರುಚುವುದು. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಇದನ್ನು ಶುರು ಮಾಡಿದಾಗ ಅರಿವಳಿಕೆ ಕೊಡುತ್ತಿರಲಿಲ್ಲ. ಆಗ ಮೂಳೆ ಮುರಿದದ್ದೂ ಉಂಟು. ಈಗ ಹಾಗಿಲ್ಲ. ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವಂತೆಯೇ ಇಲ್ಲ. ಅಮ್ಮ ನಿದ್ದೆಯಲ್ಲಿರುತ್ತಾರೆ. ಕೆಲವೇ ಸೆಕೆಂಡು ಕರೆಂಟ್, ಅದರ ಹಿಂದೆ ಒಂದು ನಿಮಿಷದೊಳಗೆ ಮುಗಿಯುವ ಫಿಟ್ಸ್. ಆ ಫಿಟ್ಸ್ ಬರಿಸುವುದೇ ಚಿಕಿತ್ಸೆ. ಎಚ್ಚರವಾದ ಕೂಡಲೇ ಕಾಫಿ ಕೇಳುವ ಅಜ್ಜಿಯರನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಮಿದುಳು ಸುಟ್ಟುಹೋಗುತ್ತದೆಯೇ? ಇಲ್ಲ. ಚಿಕಿತ್ಸೆಗೆ ಮೊದಲು ಮತ್ತು ಆಮೇಲೆ ಎಂ.ಆರ್.ಐ. ಮಾಡಿ ನೋಡಿದ್ದಾರೆ. ನೆನಪಿಗೆ ಬೇಕಾದ ಹಿಪ್ಪೋಕ್ಯಾಂಪಸ್ ಎಂಬ ಭಾಗ ಕುಗ್ಗಿರುವುದಿಲ್ಲ, ತುಸು ಹಿಗ್ಗಿರುತ್ತದೆ. ಕೆಲವು ತಿಂಗಳಲ್ಲಿ ಹೆಚ್ಚುಕಮ್ಮಿ ಮೊದಲಿನ ಅಳತೆಗೆ ಬರುತ್ತದೆ. ಹಿಗ್ಗಿದ್ದೇ ಗುಣವಾದದ್ದಕ್ಕೆ ಸಾಕ್ಷಿ ಅಂತ ಕೆಲವರು ಸಂಭ್ರಮಿಸುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ, ಯಾಕೆಂದರೆ ಜಾಸ್ತಿ ಹಿಗ್ಗಿದವರು ಜಾಸ್ತಿ ಗುಣವಾದರು ಎಂಬ ಲೆಕ್ಕ ಸಿಕ್ಕಿಲ್ಲ. ಮುಂದೆ ಡಿಮೆನ್ಷಿಯಾ (ಮರೆವಿನ ಕಾಯಿಲೆ) ಬರಬಹುದು ಎಂಬ ಭಯಕ್ಕೂ ಉತ್ತರವಿದೆ. ಡೆನ್ಮಾರ್ಕ್‌ನಲ್ಲಿ 1,68,000 ರೋಗಿಗಳ ದಾಖಲೆ ತೆಗೆದು ನೋಡಿ 2018ರಲ್ಲಿ ವರದಿ ಮಾಡಿದರು. ಇಸಿಟಿ ಪಡೆದವರಲ್ಲಿ ಆ ಅಪಾಯ ಹೆಚ್ಚಿರಲಿಲ್ಲ.

ಆದರೆ ಮರೆವಿನ ವಿಷಯದಲ್ಲಿ ಮಾವನವರ ಮಾತು ಪೂರ್ತಿ ಸುಳ್ಳಲ್ಲ. ಎದ್ದ ಮೇಲೆ ಸ್ವಲ್ಪ ಹೊತ್ತು ‘ಇದು ಯಾವ ಊರು’ ಎಂದು ಕೇಳಬಹುದು. ವಯಸ್ಸಾದವರಲ್ಲಿ ಈ ಗೊಂದಲ ಹೆಚ್ಚು. ಚಿಕಿತ್ಸೆ ನಡೆಯುವ ವಾರಗಳಲ್ಲಿ ಬೆಳಿಗ್ಗೆ ಹೇಳಿದ್ದು ಸಂಜೆಗೆ ಇರುವುದಿಲ್ಲ. ಇದು ಬಹುಪಾಲು ಇಳಿಯುತ್ತದೆ. 84 ಅಧ್ಯಯನಗಳನ್ನು ಒಟ್ಟು ಮಾಡಿದ 2010ರ ವಿಮರ್ಶೆಯೊಂದರಲ್ಲಿ, ಕೊನೆಯ ಇಸಿಟಿಯಾಗಿ ಹದಿನೈದು ದಿನ ಕಳೆದ ಮೇಲೆ ಹೆಚ್ಚಿನ ಪರೀಕ್ಷೆಗಳಲ್ಲಿ ಜನ ಮೊದಲಿನಷ್ಟೇ ಅಥವಾ ಮೊದಲಿಗಿಂತ ಚೆನ್ನಾಗಿ ಮಾಡಿದ್ದರು. ಖಿನ್ನತೆಯೇ ಬುದ್ಧಿಯನ್ನು ಮಂದ ಮಾಡಿರುತ್ತದೆ, ಅಲ್ವಾ? ಚಿಕಿತ್ಸೆಯ ದಿನಗಳ ಮತ್ತು ಅದಕ್ಕೆ ಹತ್ತಿರದ ತಿಂಗಳುಗಳ ಕೆಲವು ನೆನಪು ಮಾತ್ರ ವಾಪಸ್ ಬಾರದೆ ಹೋಗಬಹುದು. ಇದನ್ನು ಮುಚ್ಚಿಟ್ಟು ಸಹಿ ಹಾಕಿಸುವವರು ನನಗೆ ಹಿಡಿಸುವುದಿಲ್ಲ.

ಈಗ ಲಾಭದ ಮಾತು. ಅಮೆರಿಕದಲ್ಲಿ 60 ದಾಟಿದ 240 ಮಂದಿಗೆ ತಲೆಯ ಬಲಭಾಗಕ್ಕಷ್ಟೇ ಇಸಿಟಿ ಕೊಟ್ಟು, ಜೊತೆಗೆ ಮಾತ್ರೆಯನ್ನೂ ಕೊಟ್ಟರು. ನೂರಕ್ಕೆ ಸುಮಾರು 62 ಮಂದಿಯಲ್ಲಿ ಖಿನ್ನತೆ ಇಳಿಯಿತು. ಕರುಳು ಕೊಳೆತಿದೆ ಎಂಬಂಥ ಭ್ರಮೆ ಸೇರಿದ ಖಿನ್ನತೆಯಂತೂ ಇಸಿಟಿಗೆ ಇನ್ನೂ ಚೆನ್ನಾಗಿ ಬಗ್ಗುತ್ತದೆ. ನಿಮ್ಮ ಅಮ್ಮ ಊಟ ಬಿಟ್ಟಿದ್ದಾರೆ. 72ರ ದೇಹ ಉಪವಾಸವನ್ನು ಬಹಳ ದಿನ ತಡೆಯುವುದಿಲ್ಲ. ನನಗೆ ಹೆದರಿಕೆ ಇರುವುದು ಕರೆಂಟಿನ ಬಗ್ಗೆ ಅಲ್ಲ, ನೀವು ಯೋಚನೆ ಮಾಡುತ್ತಾ ಕಳೆಯುವ ದಿನಗಳ ಬಗ್ಗೆ.

ಬಿ.ಪಿ. ಇದ್ದರೆ ಇಸಿಟಿ ಕೂಡದು ಎಂದಿಲ್ಲ. ಫಿಟ್ಸ್ ಹೊತ್ತಿನಲ್ಲಿ ಬಿ.ಪಿ., ನಾಡಿ ಎರಡೂ ಏರುತ್ತವೆ. ಹಾಗಾಗಿ ಮೊದಲೇ ಹತೋಟಿಗೆ ತಂದು, ಇಸಿಜಿ ಮಾಡಿಸುತ್ತಾರೆ. ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಅಥವಾ ಪಾರ್ಶ್ವವಾಯು ಆಗಿದ್ದರೆ ಲೆಕ್ಕಾಚಾರವೇ ಬೇರೆ. ಇಸಿಟಿಯ ದಿನ ಬೆಳಿಗ್ಗೆ ಯಾವ ಮಾತ್ರೆ ಕೊಡಬೇಕು ಅಂತ ಕೇಳಿಕೊಳ್ಳಿ. ನಿದ್ದೆ ಮಾತ್ರೆ, ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ತಪ್ಪದೆ ಹೇಳಿ: ಮೊದಲನೆಯದು ಫಿಟ್ಸ್ ಬರಲು ಅಡ್ಡಿ, ಎರಡನೆಯದು ಗೊಂದಲ ಹೆಚ್ಚಿಸಬಹುದು. ಹಲ್ಲಿನ ಸೆಟ್ ತೆಗೆದಿಡಿ. ಬಲಭಾಗಕ್ಕೆ ಮಾತ್ರ ಕೊಡಬಹುದಾ, ವಾರಕ್ಕೆ ಮೂರರ ಬದಲು ಎರಡು ಸಾಕಾ ಎಂದೂ ಕೇಳಿ. ಎರಡರಿಂದಲೂ ಮರೆವು ಕಡಿಮೆಯಾಗುತ್ತದೆ. ಆದರೆ ಅವಸರವಿದ್ದಾಗ ಡಾಕ್ಟರು ಎರಡೂ ಬದಿಗೆ ಕೊಡೋಣ ಅಂದರೆ ಸಂಶಯಪಡಬೇಡಿ, ಅದು ಬೇಗ ಕೆಲಸ ಮಾಡುತ್ತದೆ.

ಗುಣವಾಯಿತೆಂದು ಮಾತ್ರೆ ನಿಲ್ಲಿಸಬೇಡಿ. 2001ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಇಸಿಟಿ ಮುಗಿದ ಮೇಲೆ ಬರೀ ಹುಸಿ ಮಾತ್ರೆ (ಔಷಧವಿಲ್ಲದ ಮಾತ್ರೆ) ಪಡೆದವರಲ್ಲಿ ನೂರಕ್ಕೆ 84 ಮಂದಿಗೆ ಆರು ತಿಂಗಳೊಳಗೆ ಖಿನ್ನತೆ ಮರಳಿತ್ತು.

ಅಂದಹಾಗೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಮಾವನವರನ್ನೂ ಕರೆದುಕೊಂಡು ಹೋಗಿ. ಬೈಯುವುದಿದ್ದರೆ ಡಾಕ್ಟರಿಗೇ ಬೈಯಲಿ, ಉತ್ತರವೂ ಅಲ್ಲೇ ಸಿಗುತ್ತದೆ.

ಪ್ರಶ್ನೆ: ಅಪ್ಪನಿಗೆ 68. ಹೋದ ವರ್ಷ ಇಸಿಟಿ ಆಯಿತು. ಈಗ ಆರಾಮಾಗಿದ್ದಾರೆ. ಆದರೆ ಅದಕ್ಕೆ ಸ್ವಲ್ಪ ಮೊದಲು ನಡೆದ ಮೊಮ್ಮಗಳ ನಾಮಕರಣ ಅವರಿಗೆ ನೆನಪೇ ಇಲ್ಲ. ಬರುತ್ತದೆಯೇ?
– ಓದುಗರು, ಹೊನ್ನಾವರ

ಉತ್ತರ: ವರ್ಷವಾದ ಮೇಲೆ ಬರುವುದು ಕಷ್ಟ. ನಿನ್ನೆ ಮೊನ್ನೆಯದು ನೆನಪಿದ್ದು, ಪೇಟೆಗೆ ಹೋಗಿ ಸರಿಯಾಗಿ ಚಿಲ್ಲರೆ ಎಣಿಸಿ ತರುತ್ತಿದ್ದರೆ ಚಿಂತೆ ಬೇಡ. ಹೊಸ ಮರೆವು ಬೆಳೆಯುತ್ತಾ ಹೋದರೆ ಮಾತ್ರ ಪರೀಕ್ಷೆ ಮಾಡಿಸಿ. ಫೋಟೊ ತೋರಿಸಿ, ಅಂದು ಏನೇನಾಯಿತು ಅಂತ ನೀವೇ ಕಥೆ ಹೇಳಿ. ‘ನೆನಪಿದೆಯಾ, ನೆನಪಿದೆಯಾ’ ಎಂದು ಸುಮ್ನೆ ಕಾಡಬೇಡಿ.